ಹಿತ್ತಾಳೆ ಬ್ರಶ್ ಮತ್ತು ಗೇರುಹೂವಿನ ಪಾಟ್ಲಿ

ಅಕ್ಟೋಬರ್ ೧, ಬುಧವಾರ

ಇಂದು ನನ್ನ ಕಂಪ್ಯೂಟರಿಗೆ ಬಡ್ತಿ ಸಿಕ್ಕಿತು. ಏಳು ವರ್ಷದಿಂದ ಅದನ್ನು ‘ಆ ಡಬ್ಬಿ’ ಎಂದೇ ಕರೆಯುತ್ತಿದ್ದ ಅಪ್ಪ, ಆಯುಧಪೂಜೆಗೆಂದು ಅಡಿಗಲ್ಲು, ಸುತ್ತಿಗೆ, ಚಿಮಟ, ಊದುಗೊಳವೆಗಳನ್ನು ಹುಣಸೆಹುಳಿಯಲ್ಲಿ ತಿಕ್ಕಿಸಿ ಮಣೆಯ ಮೇಲೆ ಸಾಲಾಗಿ ಇಡಿಸಿದವನು, ಅಂಗಡಿಯ ಮೂಲೆಗೆ ಮುಖ ಮಾಡಿ ಅಂದ: “ಅದನ್ನೂ ತಾರೋ. ಅದೂ ಹತ್ಯಾರವೇ ಅಲ್ಲವೋ?”

ಮೂರು ತಲೆಮಾರು ಚಿನ್ನದ ಕೆಲಸ ಮಾಡಿದ ಈ ಅಂಕೋಲೆಯ ಅಂಗಡಿಯಲ್ಲಿ ನಾನೊಬ್ಬನೇ ಪದವೀಧರ. ಅಂದರೆ ಪದಗಳನ್ನು ಮಾತ್ರ ಧರಿಸಿದವನು. ಬೇರೆಯವರು ಧರಿಸುವಂಥದ್ದನ್ನು ಮಾಡಲು ಬಾರದವನು. ಕಾರವಾರದ ಕಾಲೇಜಿನಲ್ಲಿ ಹಾಸ್ಯ ಭಾಷಣಕ್ಕೆ ಬಹುಮಾನ ಬಂದಾಗ ಅಪ್ಪ ಆ ಕಪ್ಪನ್ನು ಒರೆಗಲ್ಲಿಗೆ ತಿಕ್ಕಿ ನೋಡಿ, “ಹಿತ್ತಾಳೆಯೂ ಅಲ್ಲ” ಎಂದಿದ್ದ. ಹೇಳಿದ್ದು ಕೊಂಕಣಿಯಲ್ಲಿ. ನಮ್ಮ ಮನೆಯಲ್ಲಿ ಬೈಯುವುದೆಲ್ಲ ಕೊಂಕಣಿಯಲ್ಲಿ, ಬರೆಯುವುದು ಕನ್ನಡದಲ್ಲಿ. ಈ ಡೈರಿಗೆ ಬರುವಷ್ಟರಲ್ಲಿ ಅವನ ಬೈಗುಳಕ್ಕೆ ಒಂದಿಷ್ಟು ತೇಮಾನು ಆಗಿಯೇ ಆಗುತ್ತದೆ.

ನಾನು ಕಂಪ್ಯೂಟರಿನಲ್ಲಿ ಒಡವೆಯ ನಕ್ಷೆ ಮಾಡಿ ಹುಬ್ಬಳ್ಳಿ, ಕೊಲ್ಲಾಪುರದ ಎರಕದವರಿಗೆ ಕಳಿಸುತ್ತೇನೆ. ಆದರೆ ಯುಗಾದಿಯಿಂದ ಈಚೆ ಮಾಡುತ್ತಿರುವುದು ಬೇರೆ ಕೆಲಸ. ಅಪ್ಪನ ತಲೆಯಲ್ಲಿ ಅರವತ್ತು ನಕ್ಷೆಗಳಿವೆ. ಕಾಗದದ ಮೇಲೆ ಒಂದೂ ಇಲ್ಲ. ಸಕ್ಕರೆ ಕಾಯಿಲೆ ಅವನ ಎಡಗಣ್ಣನ್ನು ತಿಂದು ಮುಗಿಸಿ ಬಲಗಣ್ಣಿಗೆ ಬಾಯಿ ಹಾಕಿದೆ. ಕೈಯಲ್ಲಿ ಹಿಡಿದ ಒಡವೆ ಅವನಿಗೆ ಕಾಣುವುದಿಲ್ಲ. ನನ್ನ ದೊಡ್ಡ ಪರದೆಯ ಮೇಲೆ ಒಂದು ಬಳೆಯನ್ನು ಗಾಡಿಯ ಗಾಲಿಯಷ್ಟು ಮಾಡಿ, ಬೆಳಕು ಬಿಟ್ಟು, ಮೆಲ್ಲಗೆ ತಿರುಗಿಸಿದರೆ ಕಾಣುತ್ತದೆ. ಪಕ್ಕದಲ್ಲಿ ಕೂತು “ಎಲೆ ಒಂಚೂರು ಮಗ್ಗುಲಾಗ್ಲಿ, ಬೆನ್ನು ಉಬ್ಬಲಿ” ಎನ್ನುತ್ತಾನೆ. ನಾನು ಮೌಸು ಹಿಡಿದು ತಿದ್ದುತ್ತೇನೆ. ಇಪ್ಪತ್ಮೂರು ಮುಗಿದಿವೆ. ಇಪ್ಪತ್ನಾಲ್ಕನೆಯದು ಗೇರುಹೂವಿನ ಪಾಟ್ಲಿ, ಅವನ ಅಜ್ಜ ಮಾಡುತ್ತಿದ್ದ ಅಗಲ ಬಳೆ. ಅರ್ಧಕ್ಕೆ ಬಂದಿದೆ. ಬಲಗಣ್ಣಿಗೆ ಎಷ್ಟು ದಿನ ಎಂದು ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಹೇಳಲಿಲ್ಲ. “ನೋಡಬೇಕಾದ್ದನ್ನೆಲ್ಲ ಬೇಗ ನೋಡಿಬಿಡ್ಲಿ” ಎಂದರು.

ಹತ್ಯಾರದ ಸಾಲಿಗೆ ಹೋಗುವ ಮೊದಲು ಡಬ್ಬಿ ಮೀಯಬೇಕಲ್ಲ. ಬಿಚ್ಚಿದೆ. ಒಳಗಿನ ಗ್ರಾಫಿಕ್ಸ್ ಕಾರ್ಡು, ಅಂದರೆ ಪರದೆಯ ಮೇಲಿನ ಚಿತ್ರವನ್ನೆಲ್ಲ ಹೊತ್ತು ತಿರುಗಿಸುವ ಹಲಗೆ, ಏಳು ವರ್ಷದ ಉಪ್ಪುಗಾಳಿ ಮತ್ತು ಧೂಳು ಮೆತ್ತಿ ಕಂಬಳಿ ಹೊದ್ದಂತಿತ್ತು. “ಇದರಲ್ಲಿ ತಿಕ್ಕು” ಎಂದು ಅಪ್ಪ ಚಿನ್ನಕ್ಕೆ ಹೊಳಪು ಕೊಡುವ ಹಿತ್ತಾಳೆ ಕೂದಲಿನ ಬ್ರಶ್ ಚಾಚಿದ. ಅದನ್ನು ಅವನು ಯಾರ ಕೈಗೂ ಕೊಡುವವನಲ್ಲ. ನನಗೆ ಕೊಟ್ಟದ್ದು ಇದೇ ಮೊದಲು. ಆ ಹುಮ್ಮಸ್ಸಿನಲ್ಲಿ ಜೋರಾಗಿಯೇ ತಿಕ್ಕಿದೆ. ಟಿಕ್ ಎಂದು ಏನೋ ಹಾರಿತು.

“ಎಂತ ಹಾರ್ತೋ?”

“ಧೂಳು ಅಪ್ಪ.”

“ಧೂಳಿಗೆ ಸಪ್ಪಳ ಇರೂದಿಲ್ಲ.”

ನನ್ನ ಹೆಂಡತಿ ನಾಗಶ್ರೀ ಆರತಿ ತಂದವಳು, ಇದರ ಹಣೆ ಯಾವುದು ಎಂದು ಕೇಳಿ ಪವರ್ ಬಟನ್ನಿಗೆ ಕುಂಕುಮ ಇಟ್ಟಳು. ಪೂಜೆಗಿಟ್ಟ ಹತ್ಯಾರವನ್ನು ನಾಳೆಯವರೆಗೆ ಮುಟ್ಟುವಂತಿಲ್ಲ. ಇಡೀ ದಿನ ಕೆಲಸವಿಲ್ಲದೆ ಕೂತೆ. ಅಪ್ಪನ ಪ್ರಕಾರ ನನಗೆ ವರ್ಷವಿಡೀ ಆಯುಧಪೂಜೆಯೇ.

ಅಕ್ಟೋಬರ್ ೨, ಗುರುವಾರ

ಅಪ್ಪ ಮಿಂದು, ಇಸ್ತ್ರಿ ಅಂಗಿ ಹಾಕಿ ಕುರ್ಚಿಯಲ್ಲಿ ಕೂತ. “ಹಚ್ಚು” ಅಂದ. ಹಚ್ಚಿದೆ. ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಆಮೇಲೆ ‘ನೋ ಸಿಗ್ನಲ್’ ಎಂಬ ಎರಡೇ ಶಬ್ದ. ಕಾರ್ಡನ್ನು ತೆಗೆದು ಹಾಕಿದೆ. ಮತ್ತೆ ತೆಗೆದು ಹಾಕಿದೆ. ಬಲ್ಲವರ ಮುಂದೆ ಭಾಷಣ ಮರೆತ ಹುಡುಗನ ಹಾಗೆ ಅದೇ ಎರಡು ಶಬ್ದ.

ಅಪ್ಪನ ಭೂತಗನ್ನಡಿ ಹಿಡಿದು ನೋಡಿದೆ. ಕಾರ್ಡನ್ನು ಚಡಿಗೆ ಕೂರಿಸುವ ಬಂಗಾರದ ಹಲ್ಲುಗಳ ಮೇಲೆ ಕಂದು ಬಣ್ಣದ ಕಣಗಳ ಸಾಲು ಇದೆ, ಇರುವೆ ಮೊಟ್ಟೆ ಹೊತ್ತು ಹೊರಟಂತೆ. ಸಾಲಿನ ತುದಿಗೆ ಒಂದು ಇಲ್ಲ. ಅದು ಇದ್ದಲ್ಲಿ ಎರಡು ಬೋಳು ಚುಕ್ಕೆ.

“ಎಂತ ಕಾಣ್ತದೆ ಹೇಳು,” ಅಪ್ಪ ಅಂದ.

“ಒಂದು ಕಣ ಹೋಗಿದೆ. ಸಾಸಿವೆಯ ಕಾಲು ಭಾಗ.”

“ನಿನ್ನೆ ಹಾರಿದ ಧೂಳು.”

ಕಣ ಹೋದರೆ ಕಣ್ಣು ಹೋಯಿತು, ಎಂದು ಒಂದು ಚಮತ್ಕಾರದ ಮಾತು ಬಾಯಿಗೆ ಬಂತು. ಆಡಲಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ, ಬರೆದರೂ ಏನೂ ಸುಖವಿಲ್ಲ.

ಅಕ್ಟೋಬರ್ ೩, ಶುಕ್ರವಾರ

ಚಿನ್ನದ ಅಂಗಡಿಯಲ್ಲಿ ಕಸ ಎಂಬುದಿಲ್ಲ. ಗುಡಿಸಿದ್ದೆಲ್ಲ ಡಬ್ಬಕ್ಕೆ ಹೋಗುತ್ತದೆ. ವರ್ಷಕ್ಕೊಮ್ಮೆ ಧೂಳು ಕೊಳ್ಳುವವರು ಬಂದು ಒಯ್ದು ತೊಳೆದು ಅದರಲ್ಲಿರುವ ಚಿನ್ನ ತೆಗೆಯುತ್ತಾರೆ. ಹಾಗಾಗಿ ನನ್ನ ಕಣವೂ ಎಲ್ಲೂ ಹೋಗಿರಲಿಕ್ಕಿಲ್ಲ. ನಾಗಶ್ರೀ ತನ್ನ ಹಳೆಯ ಸೀರೆ ಹಾಸಿ ಡಬ್ಬ ಸುರಿದಳು. ಇಬ್ಬರೂ ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಕೂತೆವು. ಎರಡು ತಾಸಿನಲ್ಲಿ ಸಿಕ್ಕಿದ್ದು ಮುಗುತಿಯ ಒಂದು ಹರಳು, ನಿಜವಾದ ಸಾಸಿವೆ ಆರು, ಅಪ್ಪನ ಅಂಗಿಯ ಗುಂಡಿ ಒಂದು.

ಅಪ್ಪ ಒಳಗಿನಿಂದ ಬಂದು, “ಅಯಸ್ಕಾಂತ ಆಡಿಸಿದ್ರೋ?” ಎಂದು ಕೇಳಿದ.

ಅರದ ಕಬ್ಬಿಣದ ಪುಡಿ ಚಿನ್ನದ ಪುಡಿಯಲ್ಲಿ ಸೇರಿದರೆ ಅಕ್ಕಸಾಲಿಗರು ಹಾಗೆಯೇ ತೆಗೆಯುವುದು. ಈ ಕಣ ಕಬ್ಬಿಣವಲ್ಲ ಅಪ್ಪ, ಪಿಂಗಾಣಿಯ ಜಾತಿ, ಎಂದು ನಾನು ಪಾಠ ಶುರು ಮಾಡಿದೆ. ಅವನು ಕೇಳಿಸಿಕೊಳ್ಳದೆ ಅಯಸ್ಕಾಂತವನ್ನು ಧೂಳಿನ ಮೇಲೆ ದೋಣಿಗೆ ಹುಟ್ಟು ಹಾಕಿದಂತೆ ಆಡಿಸಿದ. ಕಪ್ಪು ಪುಡಿ ಗಡ್ಡದ ಹಾಗೆ ಮೆತ್ತಿತು. ಗಡ್ಡದಲ್ಲಿ ಸಿಕ್ಕಿಕೊಂಡು ನನ್ನ ಕಣ ಬಂತು. ಅದರ ತುದಿಗಳಿಗೆ ನಿಕ್ಕಲ್ ಲೇಪ ಇರುತ್ತದೆಂದು ಆಮೇಲೆ ಮೊಬೈಲಿನಲ್ಲಿ ಓದಿದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅಪ್ಪ ಎಲ್ಲಿಯೂ ಓದಿಲ್ಲ.

ಸಿಕ್ಕಿತು, ಹೌದು. ನಡು ಮುರಿದು, ಎರಡು ತುಂಡಾಗಿ.

ಅಕ್ಟೋಬರ್ ೬, ಸೋಮವಾರ

ಕಾರ್ಡನ್ನು ನಾಗಶ್ರೀಯ ರೇಷ್ಮೆ ರವಿಕೆಯಲ್ಲಿ ಸುತ್ತಿ ಕಾರವಾರದ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಅಜ್ಜಿ, “ಮಗೂಗೆ ಎಷ್ಟು ತಿಂಗ್ಳಾಯ್ತು?” ಎಂದು ಕೇಳಿದಳು. ಏಳು ವರ್ಷ ಅಂದೆ. ಆಮೇಲೆ ಅವಳು ಕಿಟಕಿಯಿಂದ ಹೊರಗೇ ನೋಡಿದಳು.

ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಪ್ರದೀಪ ಎಂಬವನ ರಿಪೇರಿ ಅಂಗಡಿ ಇದೆ. ಹೆಚ್ಚಾಗಿ ಮೊಬೈಲು, ಒಮ್ಮೊಮ್ಮೆ ಲ್ಯಾಪ್‌ಟಾಪು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ.

“ಶೇಟ್ರೆ, ಇದು ಕೆಪಾಸಿಟರು. ಕಾರ್ಡಿಗೂ ಮದರ್‌ಬೋರ್ಡಿಗೂ ನಡುವೆ ಹದಿನಾರು ದಾರಿ ಅದೆ. ದಾರಿಗೆ ಇಂಥವು ಎರಡೆರಡು. ಕಡೇ ದಾರಿದು ಹೋದ್ರೆ ಅರ್ಧ ವೇಗದಲ್ಲಿ ಓಡ್ತಿತ್ತು. ನೀವು ಹಾರ್ಸಿದ್ದು ಮೊದಲ್ನೇ ದಾರಿದು. ಬಾಗಿಲಲ್ಲೇ ಮಾತು ನಿಂತ್ ಹೋಯ್ತು.”

“ಮಾಡಿ ಕೊಡ್ತ್ಯಾ?”

“ಎಲ್ಲ ಒಂದೇ ಅಳತೆದು. ಕಡೇದನ್ನ ಕಿತ್ತು ಮೊದಲ್ನೇದಕ್ಕೆ ಕೂರ್ಸಬಹುದು. ಆದ್ರೆ ನಾ ಮಾಡುದು ಚಾರ್ಜಿಂಗ್ ಪಿನ್ನು. ಇಷ್ಟು ಸಣ್ಣದಕ್ಕೆ ಕೈ ಹಾಕಿದವ ಅಲ್ಲ. ಗುರುವಾರ ಬನ್ನಿ, ನೋಡುವಾ.”

ಹೊಸ ಕಾರ್ಡಿನ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅದಕ್ಕೆ ಇರಬೇಕಾದ ದುಡ್ಡು ಅಪ್ಪನ ಕಣ್ಣಿನ ಇಂಜೆಕ್ಷನ್ನಿಗೆ ಹೋಗಿ ಆಗಿದೆ. ಮನೆಗೆ ಬಂದು ಎಲ್ಲ ಹೇಳಿದೆ. ಗುರುವಾರ ಎಂದರೆ ಮೂರು ದಿನ, ಎಂದ ಅಪ್ಪ. ಅವನು ದಿನ ಎಣಿಸುತ್ತಿರುವುದು ನನಗೆ ತಿಳಿದಿರಲಿಲ್ಲ.

ಅಕ್ಟೋಬರ್ ೯, ಗುರುವಾರ

ತಪ್ಪು ನನ್ನದೇ. ಪ್ರದೀಪ ಊಟದ ನಂತರ ಮಾಡುವಾ ಎಂದಿದ್ದ. ನಾನು ಬಾಯಿಬಡುಕ, ಅವನ ತಲೆಯ ಮೇಲೆ ನಿಂತು ಈಗಲೇ ಆಗಲಿ, ಮಧ್ಯಾಹ್ನದ ಬಸ್ಸಿಗೆ ಹೋದರೆ ಸಂಜೆ ಒಂದು ಎಲೆಯಾದರೂ ಮುಗಿದೀತು ಎಂದು ಗಾಳಿ ಹಾಕಿದೆ. ಅವನು ಖಾಲಿ ಜಾಗದ ಹಳೆಯ ತವರ ಎತ್ತಲು ಬಿಸಿ ಇಟ್ಟ. ನಾನು, “ಆಯ್ತಾ?” ಅಂದೆ. ಅವನು, “ಶೇಟ್ರೆ, ನೀವು ಹೀಗೆ ಉಸ್ರು ಬಿಟ್ಕೊಂಡು ನಿಂತ್ರೆ ಕೈ ಹ್ಯಾಗೆ ನಡೀಬೇಕು?” ಎಂದು ತಿರುಗಿದ. ಅಷ್ಟರಲ್ಲಿ ಎರಡು ಚುಕ್ಕೆಗಳಲ್ಲಿ ಒಂದು, ಕಣವನ್ನು ಕೂರಿಸುವ ತಾಮ್ರದ ಜಾಗವೇ, ಗಾಯದ ಹಕ್ಕಳೆ ಎದ್ದಂತೆ ಎದ್ದು ಬಂತು.

ನಾನು ಮಾತಾಡದೆ ಇದ್ದದ್ದು ಕಾರವಾರದ ಇತಿಹಾಸದಲ್ಲಿ ಮೊದಲು.

“ಬೆಂಗ್ಳೂರಿಗೆ ಕಳ್ಸಿ ನೋಡಿ. ಒಂದೂವರೆ ತಿಂಗ್ಳು ಹೇಳ್ತಾರೆ. ಆಗ್ತದೆ ಅಂತ ಹೇಳೂದಿಲ್ಲ.” ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಹೊರಟಾಗ ಹಿಂದಿನಿಂದ ಬಂದು ಸೂಜಿಮೊನೆಯ ಒಂದು ಬೆಸುಗೆ ಕೋಲು, ಸತ್ತ ಮೊಬೈಲುಗಳ ಹಲಗೆ ತುಂಬಿದ ಒಂದು ಚೀಲ ಕೈಗಿಟ್ಟ. “ನಿಮ್ಮ ಮನೇಲಿ ಕೈಕೆಲಸದವ್ರು ಇದ್ದಾರಲ್ಲ,” ಅಂದ.

ಇದ್ದಾರೆ. ಅವರಿಗೆ ಕಣ್ಣಿಲ್ಲ. ಕಣ್ಣಿರುವವನಿಗೆ ಕೈಕೆಲಸವಿಲ್ಲ. ಒಳ್ಳೆಯ ಜೋಡಿ.

ಅಕ್ಟೋಬರ್ ೧೧, ಶನಿವಾರ

ಮಲ್ಲಾಪುರದ ಕ್ವಾರ್ಟರ್ಸಿನಿಂದ ತಂಗಿ ದೀಪಾಲಿ ತನ್ನ ಲ್ಯಾಪ್‌ಟಾಪು ಕಳಿಸಿದ್ದಳು. ಅದರ ತಂತಿಯನ್ನು ನನ್ನ ದೊಡ್ಡ ಪರದೆಗೆ ಜೋಡಿಸಿದೆ. ಪಾಟ್ಲಿ ಬಂತು. ತಿರುಗಿಸಿದರೆ ಅರಬೈಲು ಘಟ್ಟದಲ್ಲಿ ಲಾರಿ ಹತ್ತಿದ ಹಾಗೆ: ಒಂದು ಅಡಿ ಹೋಗುತ್ತದೆ, ನಿಲ್ಲುತ್ತದೆ, ಉಸಿರು ಬಿಡುತ್ತದೆ.

“ಕಾಣ್ತದ್ಯಾ ಅಪ್ಪ?”

“ಅದು ನಿಂತದೆ.”

“ನಿಂತಿಲ್ಲ. ತಿರುಗ್ತಾ ಅದೆ, ನಿಧಾನ.”

“ನಿಂತದ್ದು ನಂಗೆ ಕಾಣೂದಿಲ್ಲ ತಮಾ. ತಿರುಗ್ತಾ ಇದ್ರೆ ಕಾಣ್ತದೆ. ನಿಂತ್ರೆ ಎಲ್ಲ ಮಂಜು.”

ಏಳು ತಿಂಗಳಿಂದ ಪಕ್ಕದಲ್ಲಿ ಕೂತಿದ್ದೇನೆ. ಇದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಮನುಷ್ಯನಿಗೆ ಕನಿಕರ ಬರಬೇಕು. ನನಗೆ ಸಿಟ್ಟು ಬಂತು. ಅಂದೆ: “ಎಲ್ಲ ನಿನ್ನ ಹಿತ್ತಾಳೆ ಬ್ರಶ್ಶಿಂದ. ಡಬ್ಬಿ ಅಂದ್ಕೊಂಡು ಸುಮ್ನೆ ಇದ್ದಿದ್ರೆ ಇವತ್ತು ನಿನ್ನ ಕಣ್ಣೆದುರು ತಿರುಗ್ತಿತ್ತು. ಕಾಣದವರು ಕೈ ಹಾಕಬಾರದು.”

ಅಪ್ಪ, “ಹೌದು,” ಅಂದ.

ಜಗಳ ಮುಂದುವರಿಸುವುದಕ್ಕೆ ಒಂದಾದರೂ ಎಳೆ ಬೇಕಲ್ಲ. ಅಷ್ಟೇ ಹೇಳಿ ಎದ್ದು, ಬಾಗಿಲ ಚೌಕಟ್ಟು ಹಿಡಿದುಕೊಂಡು ಒಳಗೆ ಹೋದ.

ಅಕ್ಟೋಬರ್ ೧೨, ಭಾನುವಾರ

ಬರೆಯುವಂಥದ್ದಿಲ್ಲ.

ಅಕ್ಟೋಬರ್ ೧೪, ಮಂಗಳವಾರ

ಅಪ್ಪ ಅಂಗಡಿಗೆ ಬರುತ್ತಿಲ್ಲ. ಭೂತಗನ್ನಡಿ ಆಡಿಸುತ್ತ ದಪ್ಪಕ್ಷರವನ್ನಾದರೂ ಓದುತ್ತಿದ್ದ ಪೇಪರು ಕೂಡ ಹಾಗೆಯೇ ಮಡಚಿ ಬಿದ್ದಿರುತ್ತದೆ. ಕೇಳಿದರೆ, “ಅದರಲ್ಲಿ ಎಂತ ಇರ್ತದೆ,” ಎನ್ನುತ್ತಾನೆ. ರಾಜಕೀಯದ ಬೇಸರ ಅವನಿಗೂ ತಟ್ಟಿತು ಅಂತಾಯಿತು. ಅಂಗಿಯ ಗುಂಡಿ ಒಂದು ಮೇಲೆ, ಒಂದು ಕೆಳಗೆ. ಸಿಟ್ಟಿನಲ್ಲಿ ಹಾಕಿಕೊಂಡಿರಬೇಕು.

ಬೆಂಗಳೂರಿನವರಿಗೆ ಫೋನು ಮಾಡಿದೆ. ದೀಪಾವಳಿ ಕಳೆದ ಮೇಲೆ ಕಳಿಸಿ ಎಂದರು. ನನ್ನ ಪರದೆಯೂ ಕಪ್ಪು, ಅಪ್ಪನ ಮುಖವೂ ಕಪ್ಪು. ನಾಗಶ್ರೀ ಚಹಾ ಕೂಡ ಕಪ್ಪೇ ಮಾಡಿದ್ದಳು, ಹಾಲು ಒಡೆದಿತ್ತಂತೆ.

ಅಕ್ಟೋಬರ್ ೧೬, ಗುರುವಾರ

ನಾಗಶ್ರೀ ಊಟಕ್ಕೆ ಬಡಿಸುತ್ತ ಹೇಳಿದಳು: “ನೀವು ಮಾತಲ್ಲಿ ಪಿಎಚ್‌ಡಿ ಮಾಡಿದ್ದು ಸಾಕು. ಮಾವ ಮೂರು ದಿನದ್ಹಾಂಗೆ ಅಂಗಡಿ ಬಾಗ್ಲವರೆಗೆ ಬಂದು ತಿರುಗಿ ಹೋಗ್ತಿದ್ರು. ನೀವು ಕರೀಲಿ ಅಂತ. ಹೆಜ್ಜೆ ಸಪ್ಪಳ ಕೇಳ್ಲಿಲ್ವಾ ನಿಮ್ಗೆ?”

ಕೇಳಿತ್ತು. ಬೆಕ್ಕು ಅಂದುಕೊಂಡಿದ್ದೆ ಎಂದು ಹೇಳಲಾರದೆ ಸಾರು ಕಲಸಿದೆ.

ಮಧ್ಯಾಹ್ನ ನಾನೇ ಹೋಗಿ, “ಅಪ್ಪ, ಬಾ,” ಅಂದೆ. ಅವನು ಏನೂ ಆಗದವನಂತೆ ಬಂದು ತನ್ನ ಮಣೆಯ ಮೇಲೆ ಕೂತು, “ಕಾರ್ಡು ತಾ,” ಎಂದ. ಹೆಬ್ಬೆರಳಿನ ಉಗುರನ್ನು ಕಣಗಳ ಸಾಲಿನ ಮೇಲೆ ಮೆಲ್ಲಗೆ ಎಳೆದ. “ಇಲ್ಲಿ ಗೂಡು ಖಾಲಿ.” ಸರಿಯಾಗಿ ಅಲ್ಲಿಯೇ. ಪ್ರದೀಪ ಹೇಳಿದ್ದನ್ನೆಲ್ಲ ಹೇಳಿದೆ: ಕಡೆಯ ದಾರಿಯದನ್ನು ಕಿತ್ತು ಮೊದಲನೆಯದಕ್ಕೆ ಕೂರಿಸಬಹುದು, ಆದರೆ ಕೂರುವ ಜಾಗವೇ ಎದ್ದುಹೋಗಿದೆ.

“ಸರಕ್ಕೆ ಗುಂಡು ಕಮ್ಮಿ ಬಿದ್ರೆ ನಾವೂ ಹಿಂಬದಿದು ತೆಗೆದು ಮುಂದೆ ಪೋಣಿಸ್ತೇವೆ. ಕುತ್ತಿಗೆ ಹಿಂದೆ ಯಾರು ನೋಡ್ತಾರೆ. ಜಾಗ ಎದ್ದಿದ್ರೆ ತಂತಿ ಇಡು. ತಾಮ್ರದ ಗೆರೆ ಎಲ್ಲಿವರೆಗೆ ಜೀವಂತ ಅದೆಯೋ ಅಲ್ಲಿವರೆಗೆ ಕೆರೆ, ಬೆಳ್ಳಿ ತಂತಿ ಕೂದಲಿನಷ್ಟು ಎಳೆದು ಸೇತು ಹಾಕು.”

“ನೀನು ಮಾಡ್ತ್ಯಾ?”

“ಕಾಣದವರು ಕೈ ಹಾಕಬಾರದು,” ಅಂದ. ಸಿಟ್ಟಿನಿಂದಲ್ಲ, ಅಳತೆ ಹೇಳಿದ ಹಾಗೆ. “ನೀನು ಮಾಡು. ನಾನು ಹೇಳ್ತೆ.”

ನನಗೆ ಬೇಸಿಗೆ ಗೊತ್ತು, ಬೆಸುಗೆ ಗೊತ್ತಿಲ್ಲ ಅಂದೆ. ಅವನು ನಗಲಿಲ್ಲ.

ಅಕ್ಟೋಬರ್ ೧೮, ಶನಿವಾರ

ಸತ್ತ ಮೊಬೈಲಿನ ಹಲಗೆಯ ಮೇಲೆ ಅಭ್ಯಾಸ. ನಿನ್ನೆ ಹನ್ನೊಂದು ಕಣ ಕಿತ್ತೆ, ಹನ್ನೊಂದೂ ಹೋದವು: ನಾಲ್ಕು ಹಾರಿದವು, ಐದು ಮುರಿದವು, ಎರಡು ಬೆಸುಗೆ ಕೋಲಿಗೇ ಅಂಟಿ ಸುಟ್ಟವು. ಇಂದು ಒಂಬತ್ತರಲ್ಲಿ ಒಂದು ಕೂತಿತು, ಸೊಟ್ಟ.

ಬೆಸುಗೆ ಹಿಡಿಯಲು ಬಿಳಿಗಾರ ಹಚ್ಚು ಎನ್ನುತ್ತಾನೆ ಅಪ್ಪ. ಅದು ಚಿನ್ನಕ್ಕೆ, ಇದಕ್ಕೆ ರಾಳ ಬೇಕು ಎಂದು ನಾನು. ರಾಳದ ಹೊಗೆ ಮೂಸಿ, “ಗಾಡಿ ಎತ್ತಿಗೆ ಲಾಳ ಹೊಡೆದ ವಾಸನೆ,” ಅಂದ. ಆದರೂ ಅವನು ಹೇಳಿದ್ದೊಂದು ಸರಿ. ನಾನು ಕಣಕ್ಕೆ ಬಿಸಿ ಇಡುತ್ತಿದ್ದೆ. “ಸಣ್ಣದಕ್ಕೆ ಬೆಂಕಿ ಕೊಡಬೇಡ. ದೊಡ್ಡದಕ್ಕೆ ಕೊಡು, ಸಣ್ಣದು ತಾನಾಗಿ ತಕ್ಕೊಳ್ತದೆ. ತವರ ಬಿಸಿ ಇದ್ದಲ್ಲಿಗೆ ಓಡ್ತದೆ, ನೀ ಓಡಿಸಬೇಡ.” ತಾಮ್ರದ ಜಾಗಕ್ಕೆ ಇಟ್ಟೆ. ತವರ ಓಡಿತು.

ಅಕ್ಟೋಬರ್ ೨೦, ಸೋಮವಾರ

ದೀಪಾವಳಿ. ದೀಪಾಲಿ ಮತ್ತು ಮಕ್ಕಳು ಮಲ್ಲಾಪುರದಿಂದ ಬಂದಿದ್ದರು. ಹಣತೆ ಹಚ್ಚಲು ಹೋಗಿ ಅಪ್ಪ ಬೆರಳಿಗೆ ಬೆಂಕಿ ತಾಗಿಸಿಕೊಂಡ. ಅಕ್ಕಸಾಲಿಗನ ಬೆರಳು ಬೆಂಕಿಗೆ ಹೆದರುತ್ತದೆಯೇ ಎಂದು ತಾನೇ ನಕ್ಕ, ಮಕ್ಕಳೂ ನಕ್ಕರು. ದೀಪಾಲಿ ಹೋಗುವಾಗ ನನ್ನನ್ನು ಬದಿಗೆ ಕರೆದು, “ಅಣ್ಣ, ಅಪ್ಪನ್ನ ಒಂದ್ಸಲ ಹುಬ್ಬಳ್ಳಿಗೆ ಕರ್ಕೊಂಡು ಹೋಗು,” ಎಂದಳು. ಮುಂದಿನ ಇಂಜೆಕ್ಷನ್ನಿನ ತಾರೀಕು ನವೆಂಬರಿನಲ್ಲಿ ಇದೆಯಲ್ಲ ಎಂದೆ.

ಸಂಜೆ ಏಳು ಕಣ. ಮೂರು ಕೂತವು.

ಅಕ್ಟೋಬರ್ ೨೩, ಗುರುವಾರ

ಬೆಳ್ಳಿ ಎಳೆದೆವು. ಕಂಬಚ್ಚು ಅಂದರೆ ಸಾಲು ತೂತುಗಳ ಉಕ್ಕಿನ ಪಟ್ಟಿ. ದೊಡ್ಡ ತೂತಿನಿಂದ ಸಣ್ಣದಕ್ಕೆ, ಅದರಿಂದ ಇನ್ನೂ ಸಣ್ಣದಕ್ಕೆ ತಂತಿ ಎಳೆಯುತ್ತ ಹೋಗುವುದು. ಎರಡು ಸಲ ತುಂಡಾಯಿತು. ಮೂರನೆಯ ಸಲ ಅಪ್ಪ ತಂತಿಯ ಮೇಲೆ ಎರಡು ಬೆರಳಿಟ್ಟು ಕೂತ. ಅದು ಬಿಗಿಯಾಗುವ ಮೊದಲೇ, “ಕಾಸು,” ಎಂದ. ಕಾಸಿ ಎಳೆದೆ, ಮತ್ತೆ ಕಾಸಿದೆ. ಕಡೆಯ ತೂತಿನಿಂದ ಹೊರಬಂದದ್ದು ಬೆಳಕಿಗೆ ಹಿಡಿದರೆ ಇದೆ, ಇಲ್ಲದಿದ್ದರೆ ಇಲ್ಲ. ಬೆರಳ ತುದಿ ಎರಡು ಕಡೆ ಕುಯ್ದಿದೆ.

ಇಂದು ಕಾರವಾರದಿಂದ ಪ್ರದೀಪ ಫೋನು ಮಾಡಿ, ಬೆಂಗಳೂರಿಗೆ ಕಳಿಸಿದ್ರಾ ಎಂದು ಕೇಳಿದ. ಇಲ್ಲ, ಕಲಿಯುತ್ತಿದ್ದೇನೆ ಎಂದೆ.

ಅಕ್ಟೋಬರ್ ೨೫, ಶನಿವಾರ

ಹದಿನೈದರಲ್ಲಿ ಹನ್ನೆರಡು.

ಕೈ ಯಾಕೆ ನಡುಗುತ್ತದೆ ಎಂದು ಅಪ್ಪನಿಗೆ ಸಿಕ್ಕಿಬಿಟ್ಟಿತು. ನನ್ನ ಹಿಂದೆ ಕೂತು ಅಂಗೈಯನ್ನು ನನ್ನ ಬೆನ್ನಿಗೆ ಇಟ್ಟ. ನಾನು ಕೆಲಸ ಮಾಡುವಾಗ ಉಸಿರು ಕಟ್ಟುತ್ತೇನಂತೆ. “ಕಟ್ಟಬೇಡ. ಪೂರ್ತಿ ಬಿಡು. ಬಿಟ್ಟ ಮೇಲೆ, ಮತ್ತೆ ತಕ್ಕೊಳ್ಳೂ ಮೊದಲು ಒಂದು ಖಾಲಿ ಜಾಗ ಅದೆ. ಅಲ್ಲಿ ಇಡು.” ಅಂಗೈ ಬೆನ್ನ ಮೇಲೆಯೇ ಇತ್ತು. ಬಿಟ್ಟೆ. ಖಾಲಿ ಜಾಗ ಬಂತು. ಇಟ್ಟೆ. ಅದು ಅಲ್ಲಿ ಯಾವಾಗಲೂ ಇದ್ದದ್ದೇ ಎಂಬಂತೆ ಕೂತಿತು.

ಅಪ್ಪನ ಚಹಾ ಲೋಟ ಉರುಳಿ ಮಣೆಯೆಲ್ಲ ಒದ್ದೆಯಾಯಿತು. ನಾಗಶ್ರೀ ಒರೆಸಿ, ಇನ್ನೊಂದು ತಂದು ಅವನ ಕೈ ಹಿಡಿದು ಲೋಟಕ್ಕೆ ಮುಟ್ಟಿಸಿದಳು. ನಾನು ಕೆಲಸದಲ್ಲಿದ್ದೆ.

ಅಕ್ಟೋಬರ್ ೨೯, ಬುಧವಾರ

ಬೆಳಿಗ್ಗೆ ಹತ್ತಕ್ಕೆ ಕೂತೆವು. ಅಂಗಡಿಯ ಬಾಗಿಲು ಅರ್ಧ ಹಾಕಿದೆ. ಮೊದಲು ಕಡೆಯ ದಾರಿಯ ಕಣ. ಎರಡೂ ತುದಿಗೆ ಬಿಸಿ ಮುಟ್ಟಿಸಿ, ಚಿಮಟದಲ್ಲಿ ಎತ್ತಿ, ಬಿಳಿ ಕಾಗದದ ಮೇಲೆ ಇಟ್ಟೆ. ಮುರಿಯಲಿಲ್ಲ. ಆಮೇಲೆ ಖಾಲಿ ಗೂಡಿನ ಎದ್ದುಹೋದ ಬದಿಯ ಗೆರೆಯನ್ನು ಸೂಜಿಯಿಂದ ಕೆರೆದೆ. ಹಸಿರು ಬಣ್ಣದ ಕೆಳಗೆ ತಾಮ್ರ ಕಂಡಿತು. ಅಲ್ಲಿಂದ ಬೆಳ್ಳಿ ತಂತಿ, ಎರಡು ಎಳ್ಳಿನ ಉದ್ದ. ಮೊದಲ ಸಲ ತಂತಿ ಸರಿಯಿತು. ಎರಡನೆಯ ಸಲ ನಿಂತಿತು. ಕಣ ಇಡುವಾಗ ಅಪ್ಪನ ಅಂಗೈ ಬೆನ್ನಿಗೆ ಬಂತು. ಬಿಟ್ಟೆ, ಇಟ್ಟೆ.

“ಕೂತ್ಕೊಂತಾ?”

“ಕೂತಿತು.”

ಉಗುರಿನಿಂದ ಸಾಲು ಎಳೆದು ನೋಡಿದ. ಗೂಡು ತುಂಬಿದೆ. ಉಗುರು ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಅವನು ಹಿತ್ತಿಲಿಗೆ ಹೋಗಿ ಮುಖ ತೊಳೆದು ಬಂದ. ರಾಳ ಪೂರ್ತಿ ಒಣಗಲಿ, ನಾಡಿದ್ದು ಶುಕ್ರವಾರ ಹಚ್ಚುವಾ ಎಂದು ಅವನೇ ಹೇಳಿದ. ಅವಸರ ಅವನಿಗಲ್ಲವೇ ಎಂದುಕೊಂಡೆ. ಕೇಳಲಿಲ್ಲ.

ಅಕ್ಟೋಬರ್ ೩೧, ಶುಕ್ರವಾರ

ಕಾರ್ಡು ಕೂರಿಸಿದೆ. ಹಚ್ಚಿದೆ. ಪರದೆ ಬೆಳಗಿತು.

ನಾಗಶ್ರೀ ಅಪ್ಪನನ್ನು ಕೈ ಹಿಡಿದು ಕರೆತಂದಳು. ಇಸ್ತ್ರಿ ಅಂಗಿ ಹಾಕಿದ್ದ. ಕುರ್ಚಿಯ ಬೆನ್ನನ್ನು ಹುಡುಕಿ, ಅದರ ಸುತ್ತ ಕೈಯಾಡಿಸಿ, ಕೂತ.

“ಬಂತ್ಯಾ?”

“ಬಂತು ಅಪ್ಪ.”

ನಕ್ಷೆಯ ತಂತ್ರಾಂಶ ತೆರೆದುಕೊಂಡಾಗ ಮೊದಲು ಬರುವುದು ಬರೀ ಬೂದು ಬಣ್ಣದ ಅಂಗಳ, ಅದರ ಮೇಲೆ ಚೌಕಳಿ ಗೆರೆ. ಪಾಟ್ಲಿಯ ಫೈಲು ಎಲ್ಲಿದೆ ಎಂದು ನಾನಿನ್ನೂ ಹುಡುಕುತ್ತಿದ್ದೆ. ಅಪ್ಪ ಪರದೆಗೆ ಮುಖ ಚಾಚಿದ. ಬೂದು ಬೆಳಕು ಅವನ ಹಣೆಯ ಮೇಲೆ, ಮೂಗಿನ ಮೇಲೆ, ತೆರೆದ ಎರಡೂ ಕಣ್ಣುಗಳ ಮೇಲೆ ಬಿತ್ತು.

“ಹಾಂ,” ಅಂದ. “ಬಂತು. ಹೂವಿನ ಗೊಂಚಲು ಛಲೋ ಬಂದದೆ.”

ನಾನು ಪರದೆ ನೋಡಿದೆ. ಅಂಗಳ, ಗೆರೆ. ನಾಗಶ್ರೀಯನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಎಷ್ಟೋ ದಿನದಿಂದ ನೋಡುತ್ತಿದ್ದವಳ ಹಾಗೆ.

“ತಿರುಗಿಸು,” ಎಂದ ಅಪ್ಪ.

ತಿರುಗಿಸಿದೆ. ಗೆರೆಗಳು ತಿರುಗಿದವು. ಎಲ್ಲಿಯೂ ತಡೆಯಲಿಲ್ಲ, ಎಣ್ಣೆಯ ಮೇಲೆ ಜಾರಿದಂತೆ ತಿರುಗಿದವು.

“ಈ ಬದಿ ಎಲೆ ಬೆನ್ನು ಒಂಚೂರು ಉಬ್ಬಲಿ.”

ಮೌಸನ್ನು ಅವನಿಗೆ ಕೇಳುವಷ್ಟು ಒತ್ತಿದೆ. ನಾಲ್ಕು ಸಲ.

“ಇನ್ನೊಂಚೂರು.”

ಇನ್ನೆರಡು ಸಲ.

“ಸಾಕು. ಈಗ ಸಮ ಆಯ್ತು. ನಮ್ಮಜ್ಜ ಮಾಡ್ತಿದ್ದದ್ದು ಹೀಗೇ.” ಕುರ್ಚಿಗೆ ಒರಗಿದ. “ಜೋಪಾನ ಇಡು.”

ಇಡಲು ಹೋದರೆ ಯಂತ್ರ ಹೆಸರು ಕೇಳಿತು. ‘ಗೇರುಹೂವಿನ ಪಾಟ್ಲಿ, ಮುಗಿದದ್ದು’ ಎಂದು ಬರೆದೆ. ಏನೂ ಇಲ್ಲದ ಫೈಲನ್ನೂ ಅದು ತಕರಾರಿಲ್ಲದೆ ಉಳಿಸಿಕೊಂಡಿತು.

“ಎಷ್ಟನೇದು ಇದು?”

“ಇಪ್ಪತ್ನಾಲ್ಕು.”

“ಇನ್ನು ಮೂವತ್ತಾರು.” ಒಂದೊಂದನ್ನೇ ಎದುರಿಗೆ ಕಂಡವನಂತೆ ಬೆರಳು ಮಡಚಿದ. “ನಾಳೆ ಮೀನಿನ ಹುರುಪೆದು ಹಿಡಿಯುವಾ. ಅದು ತ್ರಾಸಿನದ್ದು. ಬೆಳಿಗ್ಗೆ ಬೇಗ ಕೂರುವಾ ತಮಾ, ಬೆಳಕು ಛಲೋ ಇರ್ತದೆ.”

ಆಯ್ತು ಅಪ್ಪ, ಅಂದೆ.